ಪಿಸ್ಟನ್ ತೋರಣ

ಮರ ಕುಯ್ಯುವ ಮಿಷಿನ್ ತಾನಾಗಿ ಕೆಡುವುದಿಲ್ಲ, ಅದನ್ನು ಕೆಡಿಸುತ್ತಾರೆ. ತುಮಕೂರಿನ ಗುಬ್ಬಿ ಗೇಟಿನಲ್ಲಿ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಚೈನ್ ಸಾ ಬಿಚ್ಚಿ ಕಟ್ಟುವುದನ್ನೇ ಕಸುಬು ಮಾಡಿಕೊಂಡಿರುವ ನನಗೆ ಇಷ್ಟು ಹೇಳುವ ಹಕ್ಕಿದೆ. ಅದಕ್ಕೂ ಮೊದಲು ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಫಿಟ್ಟರ್ ಆಗಿದ್ದೆ. ಅಲ್ಲಿ ಮಿಷಿನ್ನುಗಳು ಕೆಡುತ್ತಿದ್ದುದು ಕಡಿಮೆ, ಯಾಕೆಂದರೆ ಅವುಗಳ ಹತ್ತಿರ ಕಂಡಕಂಡವರು ಹೋಗದ ಹಾಗೆ ಕಂಬಿ ಹಾಕಿದ್ದರು. ಇಲ್ಲಿ ಕಂಬಿ ಇಲ್ಲ. ದುಡ್ಡಿದ್ದವರೆಲ್ಲ ಮಿಷಿನ್ ತರುತ್ತಾರೆ, ತಲೆ ಇದ್ದವರು ಮಾತ್ರ ಅಪರೂಪ.

ಒಬ್ಬ ಚೈನಿಗೆ ಬಿಡುವ ಆಯಿಲ್ ಟ್ಯಾಂಕಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಬಂದ. ಯಾಕಪ್ಪಾ ಅಂದರೆ, ಮನೆಯಲ್ಲಿ ಬೇಕಾದಷ್ಟಿದೆ, ಅಂಗಡಿಯದ್ದು ಯಾಕೆ ತರಬೇಕು ಅಂದ. ಆ ಎಣ್ಣೆ ಅಂಟಾಗಿ, ಚೈನು ಕದಲದೆ ಕಚ್ಚಿಕೊಂಡು ಕೂತಿತ್ತು. ಇನ್ನೊಬ್ಬ ಆಯುಧಪೂಜೆಗೆ ಎತ್ತಿನ ಮೈ ತೊಳೆದ ಹಾಗೆ ಮಿಷಿನ್ನನ್ನು ತೊಟ್ಟಿಯಲ್ಲಿ ಅದ್ದಿ ತೊಳೆದು, ಸೇವಂತಿಗೆ ಹೂ ಮುಡಿಸಿ, ಮರುದಿನ ಸ್ಟಾರ್ಟ್ ಆಗುತ್ತಿಲ್ಲವೆಂದು ಹೊತ್ತುಕೊಂಡು ಬಂದ. ಹೂ ಇನ್ನೂ ಹ್ಯಾಂಡಲ್ಲಿನಲ್ಲೇ ಇತ್ತು. ಗೂಳೂರು ಕಡೆಯ ಮೇಷ್ಟ್ರೊಬ್ಬರು ಮೊಬೈಲಿನಲ್ಲಿ ನೋಡಿಕೊಂಡು ಚೈನಿನ ಹಲ್ಲಿಗೆ ತಾವೇ ಅರ ಹಾಕಿದ್ದರು. ಒಂದು ಮಗ್ಗುಲಿನ ಹಲ್ಲಿಗೆ ಮಾತ್ರ. ಮಿಷಿನ್ ನೇರವಾಗಿ ಕುಯ್ಯದೆ ಮರದೊಳಗೇ ಬಳಸಿಕೊಂಡು ಹೋಗುತ್ತಿತ್ತು.

"ಮೇಷ್ಟ್ರೆ, ಇದೂ ನಿಮ್ ಹುಡುಗ್ರಂಗೆ ದಾರಿ ತಪ್ಪೈತೆ," ಎಂದೆ.

ಅವರು ಮತ್ತೆ ಬರಲಿಲ್ಲ. ಬರದಿದ್ದರೆ ಬೇಡ. ಮಹಾಲಿಂಗಯ್ಯನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಎಂದು ತುಮಕೂರಿನಿಂದ ಕುಣಿಗಲ್ಲಿನವರೆಗೆ ಹೆಸರಿತ್ತು. ಆ ಎರಡರಲ್ಲಿ ಯಾವುದನ್ನು ಕೇಳಿದಾಗ ನನಗೆ ಹೆಚ್ಚು ಖುಷಿಯಾಗುತ್ತಿತ್ತು ಎಂದು ಕೇಳಿದರೆ, ನಿಜ ಹೇಳುತ್ತೇನೆ, ಬಾಯಿಯದ್ದು.

ಎಲ್ಲರೂ ಅಂಗಡಿ ಬಾಗಿಲಿಗೆ ಮಾವಿನ ಎಲೆ ಕಟ್ಟುತ್ತಾರೆ. ನಾನು ಪಿಸ್ಟನ್ ಕಟ್ಟಿದ್ದೆ. ಗ್ರಾಹಕರು ಹಾಳು ಮಾಡಿಕೊಂಡು ಬಂದ ಇಂಜಿನ್ನುಗಳ ಒಳಗಿಂದ ತೆಗೆದ, ಮೈಯೆಲ್ಲ ಗೀರಿಹೋದ ಪಿಸ್ಟನ್‌ಗಳು. ಒಂದು ಗಟ್ಟಿ ತಂತಿಗೆ ಇಪ್ಪತ್ತೇಳು ಪೋಣಿಸಿ, ಬಾಗಿಲಿನ ಈ ಕಡೆಯಿಂದ ಆ ಕಡೆಗೆ ಎಳೆದಿದ್ದೆ. ಪ್ರತಿಯೊಂದಕ್ಕೂ ಒಂದೊಂದು ತಗಡಿನ ಚೀಟಿ. ಅದರ ಮೇಲೆ ಮೊಳೆಯಿಂದ ಗೀಚಿ ಬರೆದ ಹೆಸರು, ಊರು, ಮಾಡಿದ ಘನಕಾರ್ಯ. 'ರೇಣುಕಾಪ್ರಸಾದ್, ತುಮಕೂರು. ಬರೀ ಪೆಟ್ರೋಲ್ ಹಾಕಿದ.' 'ಶಿವರಾಮಯ್ಯ, ಕುಣಿಗಲ್. ಎಣ್ಣೆ ಉಳಿಸಿದ, ಇಂಜಿನ್ ಕಳೆದ.' ಹೊಸಬರು ಯಾರೇ ಬಂದರೂ ಮಿಷಿನ್ ಕೆಳಗಿಡುವ ಮುಂಚೆ ತಲೆ ಎತ್ತಿ ಇವನ್ನು ಓದಬೇಕು, ಓದಿ ನಗಬೇಕು. ನಗದೆ ಇದ್ದವನ ಮೇಲೆ ನನಗೆ ಅನುಮಾನ ಬರುತ್ತಿತ್ತು.

ನನ್ನ ಕೆಲಸದ ಇನ್ನೊಂದು ರೀತಿಯನ್ನೂ ಹೇಳಬೇಕು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ಮೂರು ಪಟ್ಟೆ ವಿಭೂತಿ ಹಚ್ಚಿಕೊಂಡು ಬಾಗಿಲು ತೆಗೆಯುವವನು ನಾನು. ಕಟ್ಟಿ ಮುಗಿಸಿದ ಮಿಷಿನ್ನಿಗೂ ವಿಭೂತಿ ಹಚ್ಚದೆ ಕೊಡುತ್ತಿರಲಿಲ್ಲ. ಬೇರೆ ಮೆಕ್ಯಾನಿಕ್ಕುಗಳು ಹೊರಗೆ ಕುಂಕುಮ ಬಳಿದು ಕಳಿಸುತ್ತಾರೆ, ಅದು ಬೆವರಿಗೆ, ಮರದ ಪುಡಿಗೆ ಒಂದೇ ದಿನದಲ್ಲಿ ಅಳಿಸಿಹೋಗುತ್ತದೆ. ನಾನು ಹಾಗಲ್ಲ. ಮೇಲಿನ ಮುಚ್ಚಳ ತೆಗೆದು, ಏರ್ ಫಿಲ್ಟರನ್ನು ಕೈಗೆ ತೆಗೆದುಕೊಂಡು, ಅದರ ಅಡಿಯಲ್ಲಿ ಕಾರ್ಬೊರೇಟರಿನ ಬಾಯಿ ಕಾಣುತ್ತದಲ್ಲ, ಇಂಜಿನ್ ಉಸಿರೆಳೆಯುವ ಆ ಬಾಯಿಯ ಪಕ್ಕದಲ್ಲೇ ಮೂರು ಬೆರಳಲ್ಲಿ ಮೂರು ಪಟ್ಟೆ ಎಳೆದು, ಫಿಲ್ಟರ್ ಮುಚ್ಚಿ ಕೊಡುತ್ತಿದ್ದೆ. ಹೊರಗಿನವರಿಗೆ ಕಾಣುತ್ತಿರಲಿಲ್ಲ. ಕಾಣದಿರುವುದೇ ಭಕ್ತಿ ಎಂದು ಹೇಳಿಕೊಳ್ಳುತ್ತಿದ್ದೆ, ಮತ್ತು ಅದನ್ನು ಎಲ್ಲರಿಗೂ ತೋರಿಸಿಯೇ ಮಾಡುತ್ತಿದ್ದೆ.

ಈಗ ಚಿಕ್ಕರಂಗಯ್ಯನ ವಿಷಯ. ಗುಬ್ಬಿ ಹತ್ತಿರದ ಹಳ್ಳಿಯವನು, ಮರದ ಕಂಟ್ರಾಕ್ಟರ್. ಕಂಟ್ರಾಕ್ಟರ್ ಎಂದ ಕೂಡಲೇ ದೊಡ್ಡ ಕುಳ ಎಂದುಕೊಳ್ಳಬೇಡಿ. ಅವನ ಹತ್ತಿರ ಇದ್ದದ್ದು ಎಪ್ಪತ್ತು ಸಿಸಿಯ ಒಂದೇ ಒಂದು ಮಿಷಿನ್, ಒಂದು ಗೂಡ್ಸ್ ಆಟೋ, ಮತ್ತು ಹೆಂಡತಿಯ ತಮ್ಮ ಲಕ್ಷ್ಮೀಕಾಂತ. ಫಸಲು ನಿಂತ ತೆಂಗಿನಮರ, ಮನೆ ಮೇಲೆ ಬಾಗಿದ ಹುಣಸೆ, ಕಾಂಪೌಂಡ್ ಸೀಳಿದ ಬೇವು, ಇಂಥವನ್ನು ಕುಯ್ದುಕೊಡುವುದು ಅವರ ಕೆಲಸ. ಮರ ಹತ್ತುವವನು, ಕುಯ್ಯುವವನು, ಪೆಟ್ರೋಲಿಗೆ ಎಣ್ಣೆ ಬೆರೆಸುವವನು ಎಲ್ಲ ಲಕ್ಷ್ಮೀಕಾಂತನೇ. ಚಿಕ್ಕರಂಗಯ್ಯನ ಕೆಲಸ ಮಾತಾಡುವುದು, ಸಂಜೆ ಮಿಷಿನ್ ಒರೆಸಿಡುವುದು.

ಈ ಮಿಷಿನ್ನುಗಳಿಗೆ ಬರೀ ಪೆಟ್ರೋಲ್ ಹಾಕುವಂತಿಲ್ಲ. ಲೀಟರಿಗೆ ಇಪ್ಪತ್ತು ಎಂಎಲ್ ಟೂ-ಟಿ ಆಯಿಲ್ ಬೆರೆಸಬೇಕು. ಬೆರೆಸದಿದ್ದರೆ ಪಿಸ್ಟನ್ ಒಣಗಿ, ಸಿಲಿಂಡರಿಗೆ ಉಜ್ಜಿ, ಗೀರು ಬಿದ್ದು ಇಂಜಿನ್ ಸಾಯುತ್ತದೆ. ನಮ್ಮ ಕಡೆ ಮಿಷಿನ್ ಸಾಯುವುದು ಹೆಚ್ಚಾಗಿ ಹೀಗೆಯೇ, ಆಯಿಲ್ ಉಳಿಸುವ ಆಸೆಗೆ, ಇಲ್ಲವೇ ಕೆಲಸದವನು ಅದನ್ನು ಮಾರಿಕೊಳ್ಳುವುದಕ್ಕೆ.

ಸಂಕ್ರಾಂತಿ ಆದ ವಾರದಲ್ಲಿ ಇಬ್ಬರೂ ಮಿಷಿನ್ ತಂದರು. ಸ್ಟಾರ್ಟ್ ಮಾಡುವ ಹಗ್ಗ ಎಳೆದೆ, ಒಳಗೆ ಏನೂ ಇಲ್ಲದ ಹಾಗೆ ಸಲೀಸಾಗಿ ಬಂತು. ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ಸತ್ತಿತ್ತು. ಬಿಚ್ಚಿ ಪಿಸ್ಟನ್ ಎಳೆದೆ. ಮೈಮೇಲೆ ಉದ್ದುದ್ದ ಗೀರು. ಅಷ್ಟು ಸಾಕಾಯಿತು ನನಗೆ. ಪಕ್ಕದ ಟೀ ಅಂಗಡಿಯಿಂದ ನಾಲ್ಕು ಜನ ಆಗಲೇ ಬಂದು ನಿಂತಿದ್ದರು, ನಾನು ಯಾರಿಗಾದರೂ ಬಯ್ಯುವುದನ್ನು ಕೇಳಲು ಅವರು ದಿನವೂ ಬರುತ್ತಿದ್ದರು.

"ಎಣ್ಣೆ ಬೆರ್ಸೋನು ಯಾವನು?" ಎಂದೆ.

"ನಾನೇ ಮಾಲಿಂಗಣ್ಣ," ಎಂದ ಲಕ್ಷ್ಮೀಕಾಂತ. "ಅಳ್ದೇ ಹಾಕೋದು. ಒಂದು ದಿನಾನೂ ತಪ್ಪಿಲ್ಲ."

"ನೀನು ತಪ್ಪಿಲ್ಲ ಕಣೋ, ಎಣ್ಣೆನೇ ತಪ್ಪಿಸ್ಕೊಂಡು ಹೋಗೈತೆ. ಯಾವ ಅಂಗ್ಡಿಗೆ ಹೋಯ್ತು ಅಂತ ನಿನ್ಗೇ ಗೊತ್ತಿರ್ಬೇಕು."

ಟೀ ಅಂಗಡಿಯವರು ನಕ್ಕರು. ಅವನು ನಗಲಿಲ್ಲ.

"ಆ ಪಿಸ್ಟನ್ನ ಒಂದ್ಸಲ ತಿರುಗ್ಸಿ ಸರ್ಯಾಗಿ ನೋಡಿ ಅಣ್ಣ. ಇನ್ನೇನಾದ್ರೂ ಇರ್ಬೋದು."

"ನೋಡೋದು ನಂಗೆ ನೀನು ಕಲಿಸ್ಬೇಡ. ಚಿಕ್ಕರಂಗಯ್ಯ, ನೀನು ಭಾವಮೈದ ಅಂತ ಮನೆಗೆ ಕಳ್ಳನ್ನ ತಂದು ಮಡಿಕಂಡಿದೀಯ. ನಾಳೆ ಮಿಷಿನ್ನೇ ಮಾರ್ಕೊಂಡ್ರೆ ನನ್ ಹತ್ರ ಬರ್ಬೇಡ."

ಚಿಕ್ಕರಂಗಯ್ಯ ನನ್ನನ್ನು ನೋಡಿದ, ಭಾವಮೈದುನನನ್ನು ನೋಡಿದ. ಎಂಟು ವರ್ಷ ಜೊತೆಯಲ್ಲಿ ದುಡಿದವನಿಗಿಂತ ನನ್ನ ಮಾತು ಅವನಿಗೆ ದೊಡ್ಡದಾಯಿತು. ನನಗದು ಸಹಜವೆಂದೇ ಅನಿಸಿತು. ಲಕ್ಷ್ಮೀಕಾಂತ ಕೈಯಲ್ಲಿದ್ದ ಮರ ಹತ್ತುವ ಹಗ್ಗವನ್ನು ಆಟೋದಲ್ಲಿ ಇಟ್ಟು, ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ. ಅವತ್ತೇ ನಾನು ತಗಡು ಕತ್ತರಿಸಿ ಗೀಚಿದೆ: 'ಲಕ್ಷ್ಮೀಕಾಂತ, ಗುಬ್ಬಿ. ಎಣ್ಣೆ ಕದ್ದವನು.' ತೋರಣದ ನಟ್ಟನಡುವೆ ಕಟ್ಟಿದೆ, ಬಾಗಿಲಿಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ.

ಹದಿನೈದು ದಿನಕ್ಕೆ ಕುಣಿಗಲ್ಲಿನಿಂದ ಸೋಮಶೇಖರನ ಫೋನ್ ಬಂತು. ಅವನದು ಅಲ್ಲಿ ಸಾ ಮಿಲ್, ನನ್ನ ಹಳೆಯ ಗಿರಾಕಿ. ಗುಬ್ಬಿ ಕಡೆಯ ಲಕ್ಷ್ಮೀಕಾಂತ ಅನ್ನುವವನು ಕೆಲಸ ಕೇಳಿಕೊಂಡು ಬಂದಿದ್ದಾನೆ, ನಿಮಗೆ ಗೊತ್ತಂತಲ್ಲ, ಹೇಗೆ ಎಂದು ಕೇಳಿದ.

"ಆಳು ಗಟ್ಟಿ," ಎಂದೆ. "ಎಣ್ಣೆ ಡಬ್ಬ ಮಾತ್ರ ಬೀಗ ಹಾಕಿ ಮಡಗು."

ಇಬ್ಬರೂ ನಕ್ಕೆವು. ಸೋಮಶೇಖರ ಅವನಿಗೆ ಮಿಷಿನ್ ಮುಟ್ಟಲು ಬಿಡದೆ ದಿಮ್ಮಿ ಹೊರುವ ಕೆಲಸ ಕೊಟ್ಟನಂತೆ. ಮೂವತ್ತಡಿ ಮರದ ಮೇಲೆ ಒಂದೇ ಕೈಯಲ್ಲಿ ಹಗ್ಗ ಹಿಡಿದು ಕೊಂಬೆ ಕುಯ್ಯುವವನು ದಿಮ್ಮಿ ಹೊರುತ್ತಿದ್ದಾನೆ ಎಂದು ಕೇಳಿದಾಗ ನನಗೆ ಏನೂ ಅನಿಸಲಿಲ್ಲ. ಕದ್ದವನು ಹೊರಲಿ ಎಂದುಕೊಂಡು ಟೀ ಕುಡಿದೆ.

ಆಷಾಢದ ಒಂದು ಗುರುವಾರ ಬೆಳಿಗ್ಗೆ ಚಿಕ್ಕರಂಗಯ್ಯನ ಆಟೋ ಅಂಗಡಿ ಮುಂದೆ ನಿಂತಿತು. ಮೊದಲು ಇಳಿದವಳು ಅವನ ಹೆಂಡತಿ ಸಿದ್ದಲಕ್ಷ್ಮಮ್ಮ. ಅವಳನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಒಂದು ಕೈಯಲ್ಲಿ ಪೆಟ್ರೋಲ್ ಕ್ಯಾನು, ಇನ್ನೊಂದರಲ್ಲಿ ಮೆಡಿಕಲ್ ಸ್ಟೋರಿನ ದಪ್ಪ ಸಿರಿಂಜು. ಹಿಂದೆ ಮಿಷಿನ್ ಹೊತ್ತುಕೊಂಡು ಚಿಕ್ಕರಂಗಯ್ಯ, ಹಣೆಯ ಮೇಲೆ ಉದ್ದ ನಾಮ, ಮುಖದಲ್ಲಿ ಪೆಚ್ಚುನಗೆ.

ಅವಳು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ತಲೆ ಎತ್ತಿ ತೋರಣ ಓದಿದಳು. ನಡುವಿನ ತಗಡನ್ನು ಎರಡು ಸಲ ಓದಿದಳು.

"ನನ್ ತಮ್ಮನ್ನ ಇಲ್ಲಿ ನೇತಾಕವ್ರೆ ಅಂತ ಯಾರೋ ಅಂದ್ರು. ನಂಬಿರ್ಲಿಲ್ಲ," ಎಂದಳು.

"ಏನಾಯ್ತಮ್ಮ ಮಿಷಿನ್ನಿಗೆ?" ಎಂದೆ.

"ಅದೇ ಆಗದೆ. ಹಗ್ಗ ಎಳುದ್ರೆ ಸುಮ್ಕೆ ಬತ್ತದೆ. ಆರು ತಿಂಗ್ಳಾಯ್ತು, ನನ್ ತಮ್ಮ ನಮ್ಮನೆ ಹೊಸ್ಲು ತುಳ್ದಿಲ್ಲ. ಅವತ್ತಿಂದ ಎಣ್ಣೆ ಬೆರ್ಸೋಳು ನಾನು. ಈ ಸಿರಿಂಜ್ನಾಗೆ ಅಳ್ದು, ಡಬ್ಬಿಗೆ ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಗಿಸ್ಕಂಡು. ಈಗ ಯೋಳಿ ಮಾಲಿಂಗಣ್ಣ, ಎಣ್ಣೆ ಕದ್ದೋಳು ನಾನಾ?"

ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಬಂದು ನಿಂತರು.

"ಬಿಚ್ಚಿ," ಎಂದಳು. "ನನ್ ಮುಂದೇನೆ ಬಿಚ್ಚಿ. ಎಣ್ಣೆದೇ ತಪ್ಪು ಅಂದ್ರೆ ಅವ್ನ ಪಕ್ಕ ನನ್ ಹೆಸ್ರೂ ನೇತಾಕಿ. ಅಲ್ಲ ಅಂದ್ರೆ ನನ್ ತಮ್ಮನ್ನ ಕೆಳೀಕಿಳ್ಸಿ."

ಹೆಂಗಸರ ಮುಂದೆ ಪಾಠ ಹೇಳುವ ಅವಕಾಶ ಬಿಡುವವನಲ್ಲ ನಾನು. ಸ್ಟೂಲ್ ಕೊಟ್ಟು ಕೂರಿಸಿದೆ, ಅವಳು ಕೂರಲಿಲ್ಲ. ಸೈಲೆನ್ಸರ್ ಬಿಚ್ಚಿ, ಸಿಲಿಂಡರ್ ಎತ್ತಿ, ಪಿಸ್ಟನ್ ತೆಗೆದು ಬಟ್ಟೆಯಲ್ಲಿ ಒರೆಸಿ ಅಂಗೈ ಮೇಲೆ ಇಟ್ಟುಕೊಂಡೆ. ಮತ್ತೆ ಅದೇ ಉದ್ದುದ್ದ ಗೀರು. ಆರು ತಿಂಗಳ ಹಿಂದೆ ನಾನೇ ಹಾಕಿದ ಹೊಸ ಪಿಸ್ಟನ್ ಅದು.

"ನೋಡಮ್ಮ," ಎಂದೆ, ಒಂದನೇ ಕ್ಲಾಸಿನವರಿಗೆ ಹೇಳುವ ದನಿಯಲ್ಲಿ. "ಪಿಸ್ಟನ್ ತಲೆ ಮೇಲೆ ಬಾಣದ ಗುರ್ತು ಐತಲ್ಲ, ಅದು ಸೈಲೆನ್ಸರ್ ಕಡೆ ತೋರ್ಸೋದು. ಹೊಗೆ ಹೋಗೋದು ಅತ್ತ, ಬಿಸಿ ಜಾಸ್ತಿ ಅತ್ತ. ಎಣ್ಣೆ ಇಲ್ದೆ ಓಡ್ಸುದ್ರೆ ಮೊದ್ಲು ಸುಟ್ಟು ಗೀರಾಗೋದು ಬಾಣದ ಕಡೆ ಮೈ. ತಿಳೀತಾ? ಬಾಣ ಎತ್ತಲೋ ಗೀರು ಅತ್ತ."

ಅವಳು ಹತ್ತಿರ ಬಂದು ಬಗ್ಗಿ ನೋಡಿದಳು.

"ಬಾಣದ ಕಡೆ ನುಣ್ಣಗೈತಲ್ಲ," ಎಂದಳು.

"ಎಲ್ಲಿ ನುಣ್ಣಗೈತೆ?"

"ನೋಡಿ ನೀವೇ. ಗೀರೆಲ್ಲ ಈ ಹಿಂದ್ಗಡೆ ಅವೆ."

ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದೆ. ಬಾಣದ ಕಡೆಯ ಮೈ ಕಂಪನಿಯಿಂದ ಬಂದ ಹಾಗೇ ಹೊಳೆಯುತ್ತಿತ್ತು. ಹಿಂದುಗಡೆ, ಗಾಳಿ ಒಳಗೆ ಬರುವ ಕಡೆ, ಮರಳುಕಾಗದದಲ್ಲಿ ಉಜ್ಜಿದಂತೆ ಮಂಕಾಗಿ ಗೀರು ಬಿದ್ದಿತ್ತು. ಹಿರೇಹಳ್ಳಿಯಲ್ಲಿ ನಾನು ಕಲಿತ ಮೊದಲ ವರ್ಷದ ಪಾಠ ಇದು. ಹಿಂದುಗಡೆ ಸವೆದರೆ ಎಣ್ಣೆಯ ತಪ್ಪಲ್ಲ. ಗಾಳಿಯ ಜೊತೆ ದೂಳು ಒಳಗೆ ಹೋಗಿದೆ.

"ಹಂಗಾದ್ರೆ ಫಿಲ್ಟರ್ ಹರ್ದಿರ್ಬೇಕು," ಎಂದೆ ಚಿಕ್ಕರಂಗಯ್ಯನ ಕಡೆ ತಿರುಗಿ. "ಹರಿದ ಫಿಲ್ಟರ್ ಹಾಕ್ಕಂಡು ಓಡ್ಸಿದೀಯ. ಕಣ್ಣು ಎಲ್ಲಿ ಇಟ್ಟಿರ್ತೀಯೋ ನೀನು?"

ಮುಚ್ಚಳ ತೆಗೆದೆ. ಫಿಲ್ಟರನ್ನು ಬೆಳಕಿಗೆ ಹಿಡಿದೆ. ಒಂದು ಸೂಜಿ ತೂತೂ ಇರಲಿಲ್ಲ. ಅದು ಕೂರುವ ಜಾಗವನ್ನು ನೋಡಿದೆ. ಕಾರ್ಬೊರೇಟರಿನ ಬಾಯಿಯ ಸುತ್ತ ಬೂದುಬಿಳಿಯ ಹಕ್ಕಳೆ ಪದರ ಪದರವಾಗಿ ಕಟ್ಟಿತ್ತು. ಬಾಯಿಯ ಅಂಚಿನಲ್ಲಿ ಒಡೆದು ಪುಡಿಪುಡಿಯಾಗಿ ಒಳಗೆ ಉದುರಿತ್ತು. ಬೆರಳಲ್ಲಿ ತೆಗೆದು ಮೂಸಿದೆ. ಮೂಸುವ ಅಗತ್ಯ ಇರಲಿಲ್ಲ. ಆ ಬಣ್ಣವನ್ನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ.

"ಏನೋ ಇದು?"

"ಇಬೂತಿ ಅಣ್ಣ," ಎಂದ ಚಿಕ್ಕರಂಗಯ್ಯ, ನನಗೆ ಖುಷಿಯಾಗುತ್ತದೆಂದು ನಂಬಿಕೊಂಡು. "ದಿನಾ ಮಿಷಿನ್ ಒರ್ಸಿ, ಫಿಲ್ಟರ್ ತೆಗ್ದು ಮೂರು ಪಟ್ಟೆ ಎಳ್ದೇ ಮಡಗೋದು. ಒಂದು ದಿನಾನೂ ತಪ್ಪಿಲ್ಲ. ನಮ್ಮನೆ ದೇವ್ರು ರಂಗಪ್ಪ, ನಮ್ದು ನಾಮ. ಆದ್ರೂ ಮಿಷಿನ್ ನಿಮ್ ಕೈಯಿಂದ ಬಂದಿದ್ದಲ್ವಾ, ಅದ್ಕೇ ಇಬೂತಿನೇ."

"ಯಾವ ಬೇಕೂಫ ಹೇಳ್ದ ನಿಂಗೆ? ಇಂಜಿನ್ ಉಸಿರಾಡೋ ಜಾಗಕ್ಕೆ ಬೂದಿ ಸುರಿ ಅಂತ ಯಾವ ಬೇಕೂಫ ಹೇಳ್ದ?" ನಾನು ಕಿರುಚಿದೆ. ಕಿರುಚುತ್ತಿರುವಾಗಲೇ ಉತ್ತರ ಗೊತ್ತಿತ್ತು. ಆದರೂ ಬಾಯಿ ನಿಲ್ಲಲಿಲ್ಲ, ಅದಕ್ಕೆ ಅಷ್ಟು ಅಭ್ಯಾಸವಾಗಿತ್ತು.

ಚಿಕ್ಕರಂಗಯ್ಯ ನೆಲ ನೋಡಿದ. ಅವನಿಗೆ ನನ್ನ ಪರವಾಗಿ ನಾಚಿಕೆಯಾಗುತ್ತಿತ್ತು. ಬೈಸಿಕೊಂಡವನು ಬೈದವನಿಗಾಗಿ ನಾಚಿಕೊಳ್ಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಯೋಳಿ ಯಜಮಾನ್ರೆ," ಎಂದಳು ಸಿದ್ದಲಕ್ಷ್ಮಮ್ಮ. "ಯಾರನ್ನ ನೋಡಿ ಕಲ್ತ್ರಿ ಅಂತ ಯೋಳಿ."

"ಬುಡೇ. ಅಣ್ಣಾರು ಒಳ್ಳೇದಕ್ಕೇ ಹಚ್ಚಿಕೊಡ್ತಿದ್ದಿದ್ದು. ಅವ್ರು ಒಂದ್ಸಲ ಹಚ್ಚೋರು, ನಾನು ದಿನಾ ಹಚ್ಚಿ ಕೆಡ್ಸಿದೆ. ತಪ್ಪು ನಂದೇ," ಎಂದ ಆ ಪುಣ್ಯಾತ್ಮ.

ಟೀ ಅಂಗಡಿಯವರಲ್ಲಿ ಒಬ್ಬನೂ ನಗಲಿಲ್ಲ. ನನ್ನ ಅಂಗಡಿ ಮುಂದೆ ನಿಂತು ಅವರು ನಗದೇ ಇದ್ದದ್ದು ಅದೇ ಮೊದಲು. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಸ್ಟೂಲ್ ಎಳೆದು ಹತ್ತಿ ತೋರಣದ ನಡುವಿನ ಪಿಸ್ಟನ್ ಬಿಚ್ಚಿದೆ. ಇಳಿಯುವಷ್ಟು ತಾಳ್ಮೆಯೂ ಇರಲಿಲ್ಲ, ಸ್ಟೂಲ್ ಮೇಲೆ ನಿಂತೇ ಬಾಣ ನೋಡಿ ತಿರುಗಿಸಿದೆ. ಬಾಣದ ಕಡೆ ನುಣುಪು, ಹಿಂದುಗಡೆ ಗೀರು. ಸಂಕ್ರಾಂತಿಯಲ್ಲೂ ಕಾರ್ಬೊರೇಟರಿನ ಬಾಯಿಯ ಸುತ್ತ ಇದೇ ಬೂದಿ ಇತ್ತು, ನಾನು ಹಚ್ಚಿದ್ದೇ ಎಂದು ಒರೆಸಿ ಹೊಸದಾಗಿ ಹಚ್ಚಿ ಕೊಟ್ಟಿದ್ದೆ. ಆರು ತಿಂಗಳು ನನ್ನ ತಲೆಯ ಮೇಲೇ ತೂಗುತ್ತಿದ್ದ ಪಿಸ್ಟನ್ ಅದು. ದಿನಕ್ಕೆ ಹತ್ತು ಜನಕ್ಕೆ ಅದರ ಚೀಟಿ ಓದಿಸಿದ್ದೆ, ಪಿಸ್ಟನ್ನನ್ನು ಮಾತ್ರ ನಾನು ಓದಿರಲಿಲ್ಲ.

"ಎಣ್ಣೆ ತಪ್ಪಲ್ಲಮ್ಮ," ಎಂದೆ. "ನಿನ್ ತಮ್ಮ ಕದ್ದಿಲ್ಲ."

"ನಂಗೊತ್ತಿತ್ತು," ಎಂದಳು. "ನಂಗ್ಯಾಕೆ ಯೋಳ್ತೀರಿ? ಕುಣಿಗಲ್ಲಿಗೆ ಹೋಗಿ ಅವ್ನಿಗೆ ಯೋಳಿ. ಅವ್ನ ಯಜಮಾನ್ನಿಗೆ ಫೋನ್ನಾಗೆ ಯೋಳಿದ್ದ್ರಂತಲ್ಲ, ಹಂಗಂತ ಇದ್ನೂ ಫೋನ್ನಾಗೇ ಮುಗ್ಸಬೇಡಿ. ಹೋಗಿ."

ಕೆಲಸ ನಿಲ್ಲದಿರಲೆಂದು ನನ್ನ ಸ್ವಂತ ಮಿಷಿನ್ನನ್ನು ಅವರ ಆಟೋದಲ್ಲಿ ಇಟ್ಟೆ. ಹೊರಡುವಾಗ ಚಿಕ್ಕರಂಗಯ್ಯ ಹಳೆಯ ರೂಢಿಯಂತೆ ಮುಚ್ಚಳದ ಕಡೆ ನೋಡಿದ, ನಾನೇನಾದರೂ ಹಚ್ಚುತ್ತೇನೋ ಎಂದು. ನಾನು ಕೈ ಒರೆಸಿಕೊಂಡು ನಿಂತೆ.

ಅವರು ಹೋದ ಮೇಲೆ ತೋರಣವನ್ನು ಪೂರ್ತಿ ಇಳಿಸಿ ಬೆಂಚಿನ ಮೇಲೆ ಹರಡಿದೆ. ಇಪ್ಪತ್ತೇಳನ್ನೂ ಒಂದೊಂದಾಗಿ ಕೈಗೆತ್ತಿಕೊಂಡು ಬಾಣ ನೋಡಿದೆ. ಹದಿನೆಂಟು ನಿಜವಾದ ಎಣ್ಣೆಯ ತಪ್ಪುಗಳು, ಅವರನ್ನು ಬೈದದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ಒಂಬತ್ತರಲ್ಲಿ ಗೀರು ಹಿಂದುಗಡೆ ಇತ್ತು. ಅವುಗಳಲ್ಲಿ ಕೆಲವು ಹೊಲದ ದೂಳಿನಿಂದ ಆಗಿರಬಹುದು, ಹರಿದ ಫಿಲ್ಟರಿನಿಂದ ಆಗಿರಬಹುದು, ನನ್ನನ್ನು ನೋಡಿ ಕಲಿತ ಇನ್ನೂ ಎಷ್ಟು ಚಿಕ್ಕರಂಗಯ್ಯಂದಿರಿದ್ದಾರೋ, ಅದು ದೇವರಿಗೇ ಗೊತ್ತು. ಎಣ್ಣೆಯಂತೂ ಅಲ್ಲ. ಆ ಒಂಬತ್ತೂ ಜನಕ್ಕೆ ಜಿಪುಣ, ಕಳ್ಳ, ದಡ್ಡ ಎಂದು ಹೆಸರು ಗೀಚಿ ನೇತುಹಾಕಿದ್ದೆ. ಕುಣಿಗಲ್ಲಿನ ಶಿವರಾಮಯ್ಯ ಆ ಒಂಬತ್ತರಲ್ಲಿ ಒಬ್ಬರು. 'ಎಣ್ಣೆ ಉಳಿಸಿದ, ಇಂಜಿನ್ ಕಳೆದ' ಎಂದು ಬರೆದು, ಪ್ರಾಸ ಚೆನ್ನಾಗಿ ಕೂತಿತು ಎಂದು ನಾನು ಮೂರು ದಿನ ಬೀಗಿದ್ದೆ. ಅವರು ಪ್ರತಿ ಸಲ ಬಂದಾಗಲೂ ಅದರ ಕೆಳಗೇ ತಲೆ ಬಗ್ಗಿಸಿಕೊಂಡು ಒಳಗೆ ಬರುತ್ತಿದ್ದರು. ಎತ್ತರದ ಮನುಷ್ಯ, ಬಾಗಿಲು ತಗಲುತ್ತದೆಂದು ಬಗ್ಗುತ್ತಾರೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಪಿಸ್ಟನ್ ಮತ್ತು ಅದರ ಚೀಟಿಯನ್ನು ಜೇಬಿನಲ್ಲಿ ಹಾಕಿಕೊಂಡು ಕುಣಿಗಲ್ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದೆ. ನೋಡಪ್ಪ, ಇಂಥ ಕೇಸಿನಲ್ಲಿ ದೊಡ್ಡ ದೊಡ್ಡ ಇಂಜಿನಿಯರುಗಳೇ ಮೋಸ ಹೋಗುತ್ತಾರೆ, ಅವತ್ತು ಬೆಳಕೂ ಸರಿ ಇರಲಿಲ್ಲ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೆ. ಹೆಬ್ಬೂರು ದಾಟುವ ಹೊತ್ತಿಗೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಕನ್ನಡಕ ಅವತ್ತು ಜೇಬಿನಲ್ಲೇ ಇತ್ತು. ಇಪ್ಪತ್ತೆರಡು ವರ್ಷ ಗಿರಾಕಿಗಳ ಬಾಯಲ್ಲಿ ಕೇಳಿ ಕೇಳಿ ಉಗಿದಿದ್ದ ಸಬೂಬುಗಳನ್ನೇ ನಾನು ಒಂದೂ ಬಿಡದೆ ಆಯ್ದುಕೊಂಡಿದ್ದೆ.

ಸೋಮಶೇಖರ ಮಿಲ್ಲಿನ ಗೇಟಿನಲ್ಲೇ ಸಿಕ್ಕಿದ. ನನ್ನನ್ನು ನೋಡಿ ಕೈ ಮುಗಿದು, ಕಣ್ಣು ಮಿಟುಕಿಸಿದ.

"ಏನ್ ಸ್ವಾಮಿ, ಕಳ್ಳನ್ನ ನೋಡಕ್ಕೆ ಬಂದ್ರಾ? ನೀವು ಹೇಳ್ದಂಗೇ ಡಬ್ಬಕ್ಕೆ ಬೀಗ ಜಡ್ದಿದೀನಿ, ನೋಡ್ಬನ್ನಿ."

ನನ್ನದೇ ತಮಾಷೆ. ಆರು ತಿಂಗಳು ಈ ಮಿಲ್ಲಿನಲ್ಲಿ ಅದು ಓಡಾಡಿದೆ. ಒಳಗೆ ನಾಲ್ಕು ಜನ ಹುಣಸೆ ದಿಮ್ಮಿ ಎತ್ತುತ್ತಿದ್ದರು, ಅವರಲ್ಲಿ ಲಕ್ಷ್ಮೀಕಾಂತನೂ ಇದ್ದ. ಭುಜದ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡಿದ್ದ. ತಮಾಷೆ ಅವನ ಕಿವಿಗೂ ಬಿತ್ತು, ಅವನು ತಿರುಗಿ ನೋಡಲಿಲ್ಲ. ದಿನವೂ ಕೇಳಿಸಿಕೊಂಡವನು ತಿರುಗಿ ಯಾಕೆ ನೋಡುತ್ತಾನೆ?

"ಸೋಮಶೇಖರ, ಬೀಗ ತೆಗ್ಸು," ಎಂದೆ. ದೊಡ್ಡದಾಗಿಯೇ ಹೇಳಿದೆ, ಆ ದನಿ ಒಂದಾದರೂ ಈಗ ಉಪಯೋಗಕ್ಕೆ ಬರಲಿ ಎಂದು. "ಅವ್ನು ಎಣ್ಣೆ ಕದ್ದಿಲ್ಲ. ಇಂಜಿನ್ ಹೋಗಿದ್ದು ಎಣ್ಣೆಯಿಂದ ಅಲ್ವೇ ಅಲ್ಲ. ಇಂಜಿನ್ ಬಾಯಿಗೆ ಬೂದಿ ಹೋಗಿ ಹಾಳಾಗಿದ್ದು. ಬೂದಿ ಹಚ್ಚೋದು ಕಲಿಸ್ದೋನು ನಾನು. ಪಿಸ್ಟನ್ ಸರ್ಯಾಗಿ ನೋಡ್ದೆ ಅವ್ನಿಗೆ ಕಳ್ಳ ಅಂದೆ. ನಿಂಗೆ ಫೋನಲ್ಲಿ ಹೇಳಿದ್ದೂ ಸುಳ್ಳು."

ಸೋಮಶೇಖರನ ನಗೆ ಅರ್ಧಕ್ಕೆ ನಿಂತಿತು. ದಿಮ್ಮಿ ಎತ್ತುತ್ತಿದ್ದವರು ಅದನ್ನು ಕೆಳಗಿಟ್ಟರು. ಲಕ್ಷ್ಮೀಕಾಂತ ಭುಜದ ಗೋಣಿ ತೆಗೆದು, ಕೈ ಒರೆಸಿಕೊಂಡು ಹತ್ತಿರ ಬಂದ. ನಾನು ಪಿಸ್ಟನ್ ಕೊಟ್ಟೆ. ಬಾಣದ ವಿಷಯ ಹೇಳಲು ಬಾಯಿ ತೆರೆದೆ, ಅವನಿಗೆ ಅದು ಬೇಕಾಗಲಿಲ್ಲ. ತಾನೇ ಬಾಣ ನೋಡಿದ, ತಿರುಗಿಸಿದ, ಹಿಂದಿನ ಗೀರಿನ ಮೇಲೆ ಹೆಬ್ಬೆರಳು ಎಳೆದ.

"ತಿರುಗ್ಸಿ ನೋಡಿ ಅಂದಿದ್ದೆ ಅವತ್ತು," ಎಂದ.

"ಅಂದಿದ್ದೆ."

"ಇದನ್ನ ತಿರುಗ್ಸೋಕೆ ಎಷ್ಟೊತ್ತು ಬೇಕಾಗಿತ್ತು ಮಾಲಿಂಗಣ್ಣ?"

ಬಯ್ಯಲಿಲ್ಲ, ದನಿ ಏರಿಸಲೂ ಇಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ, ಕೇಳಿ ಪಿಸ್ಟನ್ನನ್ನು ನನ್ನ ಅಂಗೈ ಮೇಲೆ ಇಟ್ಟ. ನಾನು ತಿರುಗಿಸಿದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಆಗಲಿಲ್ಲ. ಅಷ್ಟು ಹೊತ್ತನ್ನು ಉಳಿಸಿ ನಾನು ಅವತ್ತು ಮಾಡಿದ್ದೇನು? ನಾಲ್ಕು ಜನರನ್ನು ನಗಿಸಿದ್ದೆ.

"ತಪ್ಪಾಯ್ತಪ್ಪ," ಎಂದೆ.

ಅವನು ಪರವಾಗಿಲ್ಲ ಎನ್ನಲಿಲ್ಲ. ಅನ್ನುತ್ತಾನೆಂದು ನಾನು ಒಂದು ಕ್ಷಣ ಕಾದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

"ಚೀಟಿ ತಂದಿದೀರಾ?"

ಜೇಬಿನಿಂದ ತೆಗೆದುಕೊಟ್ಟೆ. ತಗಡಿನ ಮೇಲೆ ತನ್ನ ಹೆಸರನ್ನು ಓದಿ, ಅದನ್ನು ಎರಡಾಗಿ ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡ.

"ಇದು ನನ್ ಹತ್ರ ಇರ್ಲಿ. ಪಿಸ್ಟನ್ ನೀವು ತಗಂಡೋಗಿ. ಬಿಸಾಕ್ಬೇಡಿ, ಇದ್ದ ಜ್ಯಾಗ್ದಾಗೇ ತಿರ್ಗಾ ನೇತಾಕಿ." ಗೋಣಿಯನ್ನು ಮತ್ತೆ ಭುಜಕ್ಕೆ ಹಾಕಿಕೊಳ್ಳುತ್ತಾ ಹೇಳಿದ, "ಬರೀ ಪಿಸ್ಟನ್ ನೇತಾಕ್ಬೇಡಿ ಮತ್ತೆ. ಹೆಸ್ರಿಲ್ದೆ ನೀವು ಯಾವ್ದೂ ನೇತಾಕಲ್ವಲ್ಲ."

ಸೋಮಶೇಖರ ಮರುದಿನವೇ ಅವನ ಕೈಗೆ ಮಿಷಿನ್ ಕೊಟ್ಟನೆಂದು ಕೇಳಿದೆ. ಲಕ್ಷ್ಮೀಕಾಂತ ಅಕ್ಕನ ಮನೆಗೆ ಹೋಗಿ ಊಟ ಮಾಡಿ ಬಂದನಂತೆ. ಚಿಕ್ಕರಂಗಯ್ಯ ಎಷ್ಟು ಕರೆದರೂ ಕೆಲಸಕ್ಕೆ ಮಾತ್ರ ವಾಪಸ್ ಬರಲಿಲ್ಲ. ಹಚ್ಚುವ ವಿಭೂತಿ ಈಗ ನನ್ನ ಹಣೆಗೆ ಮಾತ್ರ, ಮಿಷಿನ್ನುಗಳು ಬರೀ ಮೈಯಲ್ಲಿ ಹೋಗುತ್ತವೆ. ಒಂಬತ್ತು ಜನರಲ್ಲಿ ಉಳಿದ ಎಂಟು ಜನರ ಮನೆ ಹುಡುಕಿಕೊಂಡು ಹೋಗುತ್ತಿದ್ದೇನೆ. ಮೂರು ಆಯಿತು. ಶಿವರಾಮಯ್ಯನವರು ಬಾಗಿಲು ತೆಗೆದು, ಕೇಳಿಸಿಕೊಂಡು, ಬಾಗಿಲು ಹಾಕಿಕೊಂಡರು.

ಮೊನ್ನೆ ತೋವಿನಕೆರೆ ಕಡೆಯಿಂದ ಒಬ್ಬ ಹೊಸ ಗಿರಾಕಿ ಬಂದ. ತೋರಣದಲ್ಲಿ ಈಗ ಹತ್ತೊಂಬತ್ತೇ ಪಿಸ್ಟನ್. ಮಿಷಿನ್ ಇನ್ನೂ ಕೈಯಲ್ಲೇ ಹಿಡಿದುಕೊಂಡು, ಎಲ್ಲರ ಹಾಗೆ ತಲೆ ಎತ್ತಿ ಒಂದೊಂದೇ ಓದಿದ, ಒಂದೊಂದಕ್ಕೂ ನಕ್ಕ. ನಡುವಿನದ್ದಕ್ಕೆ ಬಂದಾಗ ಗಟ್ಟಿಯಾಗಿ ಓದಿದ.

"'ಮಹಾಲಿಂಗಯ್ಯ, ಗುಬ್ಬಿ ಗೇಟ್. ತಿರುಗಿಸಿ ನೋಡದೆ ಕಳ್ಳ ಅಂದ.' ಯಾವೋನಣ್ಣ ಇವ್ನು? ಇವ್ನು ಎಲ್ರಿಗಿಂತ ದೊಡ್ಡ ಬೇಕೂಫ ಇದ್ದಂಗವ್ನಲ್ಲ!"

ಟೀ ಅಂಗಡಿಯವರು ನನ್ನ ಮುಖ ನೋಡಿದರು.

"ಔದು," ಎಂದೆ. "ಮಿಷಿನ್ ಕೆಳಗಿಡು, ಅವ್ನೇ ನೋಡ್ತಾನೆ."